ಚಳಿನಾಡಿನ ಮನೆಯೊಳಗಿನ ಕರಿಬೇವು: ಎಲೆ ಕೆಟ್ಟು ಬೆಳವಣಿಗೆ ನಿಂತಾಗ

ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಟರ್‌ಲೂ ಊರಿನಲ್ಲಿ ನಮ್ಮ ಮನೆ. ಅಡುಗೆಮನೆಯ ಕಿಟಕಿಯ ಬಳಿ ಕುಂಡದಲ್ಲಿ ಒಂದು ಕರಿಬೇವಿನ ಗಿಡವಿದೆ. ಒಂದು ವರ್ಷ ಜನವರಿಯಲ್ಲಿ ಅದರ ಹಳೆಯ ಎಲೆಗಳ ತುದಿ ಕಂದಾಯಿತು, ಆಮೇಲೆ ಅಂಚೂ ಸುಟ್ಟಂತಾಯಿತು. ನವೆಂಬರಿನಲ್ಲಿ ಮೂಡಿದ್ದ ಚಿಗುರು ಎರಡು ತಿಂಗಳಾದರೂ ಹೆಬ್ಬೆರಳುದ್ದದಲ್ಲೇ ನಿಂತಿತ್ತು. ಗಿಡಕ್ಕೆ ಹಸಿವಾಗಿದೆ ಎಂದುಕೊಂಡು ಗೊಬ್ಬರ ಹಾಕಿದೆ. ವಾರದೊಳಗೆ ಎಸಳಿಗೆ ಎಸಳೇ ಉದುರತೊಡಗಿತು. ಹಾಸನದಿಂದ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಗಿಡ ಚಳಿಗೆ ಮಲಗಿದೆಯೋ, ಕಾಯಿಲೆ ಬಿದ್ದಿದೆಯೋ? ಅದನ್ನು ನೋಡಿದೆಯಾ?”

ನೋಡಿರಲಿಲ್ಲ. ಆ ಚಳಿಗಾಲದಲ್ಲಿ ಗಿಡ ಉಳಿಯಿತು. ಅಂದಿನಿಂದ ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಎಷ್ಟೋ ಕರಿಬೇವಿನ ಗಿಡಗಳನ್ನು ಕುಂಡದಿಂದ ಎತ್ತಿ ಬೇರು ನೋಡಿದ್ದೇನೆ. ನಾನು ಕಂಡ ಮಟ್ಟಿಗೆ ಎಲೆಯಲ್ಲಿ ತೋರುವ ಕೇಡಿನ ಮೂಲ ಬಹುಪಾಲು ಕುಂಡದೊಳಗೇ ಇರುತ್ತದೆ. ಗೊಬ್ಬರದ ಡಬ್ಬಿಗೆ ಕೈಹಾಕುವ ಮುನ್ನ ನೋಡಬೇಕಾದದ್ದನ್ನು, ನಾನು ನೋಡುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮಲಗಿದೆಯೋ, ಕಾಯಿಲೆಯೋ

ಕರಿಬೇವು ನಿಂಬೆ, ಬಿಲ್ವ, ಬೇಲಗಳ ಕುಟುಂಬಕ್ಕೆ ಸೇರಿದ ಬಿಸಿಲುನಾಡಿನ ಮರ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು ಹನ್ನೊಂದು ಗಂಟೆಗಿಂತ ಹೆಚ್ಚು, ವಾಟರ್‌ಲೂನಲ್ಲಿ ಒಂಬತ್ತು ಗಂಟೆಯ ಆಸುಪಾಸು. ಆ ಒಂಬತ್ತರಲ್ಲೂ ಹೆಚ್ಚಿನ ದಿನ ಮೋಡ. ಬೆಳಕು ಇಷ್ಟು ಕಡಿಮೆಯಾಗಿ, ಕುಂಡದ ಮಣ್ಣು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಗಿಡ ಬೆಳೆಯುವುದನ್ನು ನಿಲ್ಲಿಸುತ್ತದೆ. ಬುಡದ ಕಡೆಯ ಎಲೆ ಹಳದಿಯಾಗಿ ಉದುರುತ್ತದೆ. ಕೆಲವು ಗಿಡಗಳು ಪೂರ್ತಿ ಬೋಳಾಗುವುದೂ ಉಂಟು. ಇದು ವಿಶ್ರಾಂತಿ.

ಕಾಂಡದ ತೊಗಟೆಯನ್ನು ಉಗುರಿನಿಂದ ಒಂದಿಷ್ಟು ಕೆರೆದು ನೋಡಿ. ಒಳಗೆ ಹಸಿರು ತೇವ ಕಂಡರೆ ಜೀವ ಇದೆ. ತುದಿ ಒಣಗಿದ್ದರೂ ಕೆಳಗೆ ಹಸಿರಿದ್ದರೆ ಕಾಯಬಹುದು. ಉದುರಿದ ಎಲೆಗಳು ಒಂದೇ ಬಗೆಯಲ್ಲಿ ಹಳದಿಯಾಗಿ, ಚುಕ್ಕೆ, ಸುಟ್ಟ ಅಂಚು, ಅಂಟು ಏನೂ ಇಲ್ಲದೆ, ಕೆಳಗಿನಿಂದ ಮೇಲಕ್ಕೆ ಉದುರುತ್ತಿದ್ದರೆ ಗಿಡ ಮಲಗಿದೆ ಎಂದೇ ತಿಳಿಯಿರಿ. ಆಗ ಮಾಡಬೇಕಾದದ್ದು ನೀರು ಕಡಿಮೆ ಮಾಡುವುದು. ಎಲೆಯಿಲ್ಲದ ಗಿಡ ನೀರು ಎಳೆಯುವುದಿಲ್ಲ. ಬೇಸಿಗೆಯಲ್ಲಿ ಎರೆದಷ್ಟನ್ನೇ ಎರೆದರೆ ಬೇರು ಕೊಳೆಯುತ್ತದೆ. ಫೆಬ್ರವರಿಯಲ್ಲಿ ಸತ್ತಿತೆಂದು ಎಸೆಯಲು ಹೊರಟಿದ್ದ ಗಿಡ ಏಪ್ರಿಲ್‌ನಲ್ಲಿ ಬುಡದಿಂದ ಚಿಗುರಿದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಈ ಊರುಗಳಲ್ಲಿ ಮೇ ಬರುವವರೆಗೆ ಕರಿಬೇವನ್ನು ಎಸೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನನ್ನ ಗಿಡದ ಎಲೆಗೆ ಸುಟ್ಟ ಅಂಚಿತ್ತು, ಹಸಿರಿರುವಾಗಲೇ ಉದುರುತ್ತಿತ್ತು. ಅದು ಮಲಗಿರಲಿಲ್ಲ.

ಕುಂಡವನ್ನು ಎತ್ತಿ, ಮೂಸಿ, ಬಿಡಿಸಿ

ನೀರು ಹೆಚ್ಚಾದ ಗಿಡವೂ ಬಾಡುತ್ತದೆ, ಕಡಿಮೆಯಾದ ಗಿಡವೂ ಬಾಡುತ್ತದೆ. ಎಲೆ ನೋಡಿ ಇದನ್ನು ಹೇಳಲಾಗದು. ಚೆನ್ನಾಗಿ ನೀರು ಹಾಕಿ ಬಸಿದ ಮೇಲೆ ಕುಂಡವನ್ನು ಒಮ್ಮೆ ಎತ್ತಿ ತೂಕವನ್ನು ಕೈಯಲ್ಲಿ ನೆನಪಿಟ್ಟುಕೊಳ್ಳಿ. ಹತ್ತು ದಿನ ಕಳೆದರೂ ತೂಕ ಹೆಚ್ಚು ಇಳಿಯದಿದ್ದರೆ ಬೇರು ನೀರು ಕುಡಿಯುತ್ತಿಲ್ಲ. ಮೇಲ್ಮಣ್ಣು ಒಣಗಿ ಕಂಡರೆ ನಂಬಬೇಡಿ, ಬಿದಿರಿನ ಕಡ್ಡಿಯೊಂದನ್ನು ಬುಡದ ತನಕ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಇಡ್ಲಿ ಬೆಂದಿದೆಯೇ ಎಂದು ಕಡ್ಡಿ ಚುಚ್ಚಿ ನೋಡುವಂತೆಯೇ: ಕಡ್ಡಿಗೆ ಹಸಿ ಮಣ್ಣು ಅಂಟಿ ಬಂದರೆ ಇನ್ನೂ ನೀರು ಬೇಡ.

ಆಮೇಲೆ ಕುಂಡದ ತಳದ ತೂತನ್ನು ಮೂಸಿ. ಒಳ್ಳೆಯ ಮಣ್ಣಿಗೆ ಮೊದಲ ಮಳೆಯ ನೆಲದ ವಾಸನೆ ಇರುತ್ತದೆ. ಹುಳಿ ನಾತ ಅಥವಾ ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿಯಾಡುತ್ತಿಲ್ಲ. ಅಂದದ ಹೊರಕುಂಡದೊಳಗೆ ಪ್ಲಾಸ್ಟಿಕ್ ಕುಂಡ ಇಟ್ಟಿರುವವರು ಒಳಕುಂಡವನ್ನು ಎತ್ತಿ ನೋಡಲೇಬೇಕು, ತಳದಲ್ಲಿ ಎರಡು ಬೆರಳು ನೀರು ವಾರಗಟ್ಟಲೆ ನಿಂತಿರುವುದು ಸಾಮಾನ್ಯ. ಬಸಿಯಲೆಂದು ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕುವ ರೂಢಿಯೂ ನೆರವಾಗುವುದಿಲ್ಲ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ತಂಗಿ, ತೇವದ ಪದರವನ್ನು ಬೇರಿನ ಹತ್ತಿರಕ್ಕೆ ತರುತ್ತದೆ.

ಅನುಮಾನ ಉಳಿದರೆ ಗಿಡವನ್ನು ಮಣ್ಣುಗಟ್ಟಿಯ ಸಮೇತ ಹೊರಗೆಳೆಯಿರಿ. ಹೆದರಬೇಡಿ, ಒಂದು ನಿಮಿಷ ಬೇರು ಕಂಡರೆ ಗಿಡ ಸಾಯುವುದಿಲ್ಲ. ಆರೋಗ್ಯವಾದ ಬೇರು ತಿಳಿಬಣ್ಣದ್ದು, ಗಟ್ಟಿ. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದೆಳೆದರೆ ಹೊರಸಿಪ್ಪೆ ಜಾರಿ ಬಂದು ಒಳಗೆ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಬೇರುಗಳು ಕುಂಡದ ಗೋಡೆಗುಂಟ ಸುತ್ತಿ ಸುತ್ತಿ ಸಿಂಬೆಯಂತಾಗಿದ್ದರೆ ಜಾಗ ಸಾಲದೆ ಬೆಳವಣಿಗೆ ನಿಂತಿರಬಹುದು. ಆಗ ಈಗಿನದಕ್ಕಿಂತ ಎರಡು ಬೆರಳಷ್ಟು ಹೆಚ್ಚು ಅಗಲದ ಕುಂಡಕ್ಕೆ ಬದಲಿಸಿದರೆ ಸಾಕು. ಒಮ್ಮೆಲೇ ಬಕೆಟ್ ಗಾತ್ರದ ಕುಂಡಕ್ಕೆ ಹಾಕಿದರೆ ಬೇರಿಲ್ಲದ ಅಷ್ಟೂ ಮಣ್ಣು ನೀರು ಹಿಡಿದು ಕೂರುತ್ತದೆ. ನಾನು ಕಂಡ ಕೊಳೆತ ಬೇರುಗಳಲ್ಲಿ ಅರ್ಧಕ್ಕರ್ಧ ಇಂಥ ಅತಿಪ್ರೀತಿಯ ದೊಡ್ಡ ಕುಂಡಗಳಲ್ಲೇ ಇದ್ದವು.

ಕೊಳೆತದ್ದು ಕಂಡರೆ ಕತ್ತರಿಸಿ ತೆಗೆದು, ಅದೇ ಗಾತ್ರದ ಅಥವಾ ಇನ್ನೂ ಚಿಕ್ಕ ಕುಂಡದಲ್ಲಿ, ಅರ್ಧದಷ್ಟು ಪರ್ಲೈಟ್ (ಮಣ್ಣು ಸಡಿಲಿಸುವ ಹಗುರ ಬಿಳಿ ಹರಳು) ಅಥವಾ ದಪ್ಪ ಮರಳು ಬೆರೆತ ಸಡಿಲ ಮಿಶ್ರಣಕ್ಕೆ ನೆಡಿ. ಬೇರು ಕಡಿಮೆಯಾದಷ್ಟು ಮೇಲಿನ ರೆಂಬೆಯನ್ನೂ ಕಡಿಮೆ ಮಾಡಿ.

ನನ್ನ ಗಿಡದ ಬೇರು ಗಟ್ಟಿಯಾಗಿಯೇ ಇತ್ತು. ತುದಿಗಳು ಮಾತ್ರ ಕಂದಾಗಿದ್ದವು. ಕುಂಡದ ಅಂಚಿನ ಸುತ್ತ ಬಿಳಿ ಪೊರೆ ಕಟ್ಟಿತ್ತು. ಮೊದಲೇ ಕಣ್ಣಿಗೆ ಬಿದ್ದಿದ್ದರೂ ಅದಕ್ಕೆ ಬೆಲೆ ಕೊಟ್ಟಿರಲಿಲ್ಲ.

ನೀರಿನ ಕಥೆ

ವಾಟರ್‌ಲೂ ಪ್ರದೇಶದ ನಲ್ಲಿನೀರಿನ ಬಹುಪಾಲು ಅಂತರ್ಜಲ. ಸುಣ್ಣದ ಕಲ್ಲಿನ ನೆಲದಿಂದ ಬರುವ ಬಹಳ ಗಡಸು ನೀರು. ಅದಕ್ಕಾಗಿ ಇಲ್ಲಿನ ಮನೆಗಳ ನೆಲಮಾಳಿಗೆಯಲ್ಲಿ ನೀರು ಮೆದುಗೊಳಿಸುವ ಯಂತ್ರವಿರುತ್ತದೆ. ತಿಂಗಳಿಗೊಮ್ಮೆ ಅದಕ್ಕೆ ಮೂಟೆ ಉಪ್ಪು ಸುರಿಯುತ್ತೇವೆ. ಯಂತ್ರ ಮಾಡುವುದೇನೆಂದರೆ ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹಿಡಿದುಕೊಂಡು, ಬದಲಿಗೆ ಸೋಡಿಯಂ ಬಿಡುವುದು. ಪಾತ್ರೆಗೆ, ಬಟ್ಟೆಗೆ ಅದು ಒಳ್ಳೆಯದು. ಕುಂಡದ ಗಿಡಕ್ಕೆ ಅದು ದಿನಕ್ಕಿಷ್ಟು ಉಪ್ಪು. ನೆಲದಲ್ಲಾದರೆ ಮಳೆ ತೊಳೆದುಬಿಡುತ್ತದೆ. ಮನೆಯೊಳಗಿನ ಕುಂಡಕ್ಕೆ ಮಳೆಯಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಉಪ್ಪು ಹೆಚ್ಚಿದ ಮಣ್ಣಿನಿಂದ ಬೇರಿಗೆ ನೀರೆಳೆಯಲು ಕಷ್ಟ, ಎಲೆಯ ತುದಿ ಮೊದಲು ಸಾಯುತ್ತದೆ. ನಾನು ಹಾಕಿದ ಗೊಬ್ಬರವೂ ಉಪ್ಪೇ. ಬೆಂಕಿಗೆ ತುಪ್ಪ ಸುರಿದಂತಾಗಿತ್ತು.

ಇದನ್ನು ಪತ್ತೆಮಾಡಲು ಅನೇಕರು ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಕೊಳ್ಳುತ್ತಾರೆ. ಈ ದೋಷಕ್ಕೆ ಅದು ಉತ್ತರ ಕೊಡುವುದಿಲ್ಲ. ಯಂತ್ರ ಒಂದು ಲವಣ ತೆಗೆದು ಇನ್ನೊಂದನ್ನು ಬಿಡುವುದರಿಂದ, ಮೆದುಗೊಳಿಸುವ ಮೊದಲೂ ನಂತರವೂ ಮೀಟರಿನ ಅಂಕಿ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಒಳ್ಳೆಯ ಸಾಕ್ಷಿ ಚಹಾದ ಕೆಟಲ್. ಗಡಸು ನೀರಿನ ಊರಿನಲ್ಲಿದ್ದೂ ನಿಮ್ಮ ಕೆಟಲ್ ಒಳಗೆ ಬಿಳಿ ಸುಣ್ಣದ ಪದರ ಕಟ್ಟುತ್ತಿಲ್ಲವೆಂದರೆ ಆ ನಲ್ಲಿಯಲ್ಲಿ ಬರುವುದು ಮೆದುಗೊಳಿಸಿದ ನೀರು. ಕೈಗೆ ಸೋಪು ಹಚ್ಚಿ ಎಷ್ಟು ತೊಳೆದರೂ ಜಾರುತ್ತಲೇ ಇದ್ದರೆ ಅದೂ ಅದೇ ಗುರುತು. ಕೆಲವು ಮನೆಗಳಲ್ಲಿ ಅಡುಗೆಮನೆಯ ತಣ್ಣೀರಿನ ನಲ್ಲಿಯನ್ನು, ಹೆಚ್ಚಿನ ಮನೆಗಳಲ್ಲಿ ಹಿತ್ತಲಿನ ನಲ್ಲಿಯನ್ನು ಈ ಯಂತ್ರದಿಂದ ಬಿಟ್ಟು ಜೋಡಿಸಿರುತ್ತಾರೆ. ನಮ್ಮ ಮನೆಯ ಅಡುಗೆಮನೆಯಲ್ಲಿ ಹಾಗಿರಲಿಲ್ಲ. ಅದು ಗೊತ್ತಾದದ್ದು ಕೆಟಲ್ ನೋಡಿದ ದಿನ.

ಪರಿಹಾರ ಎರಡು ಹೆಜ್ಜೆ. ಮೊದಲು ಕುಂಡವನ್ನು ಸ್ನಾನದ ತೊಟ್ಟಿಯಲ್ಲಿಟ್ಟು, ಕುಂಡದ ಗಾತ್ರದ ಮೂರು ಪಟ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹಾಯಿಸಿ ಉಪ್ಪನ್ನು ತೊಳೆದುಬಿಡಬೇಕು. ನೀರು ಕೋಣೆಯಷ್ಟೇ ಬೆಚ್ಚಗಿರಲಿ, ಪೂರ್ತಿ ಬಸಿಯಲಿ. ಆರ್‌ಒ ನೀರು ಅಥವಾ ಮಳೆನೀರು ಇದಕ್ಕೆ ಉತ್ತಮ. ಹಿಮ ಕರಗಿಸಿದ ನೀರೂ ಆಗುತ್ತದೆ, ಆದರೆ ಹಿತ್ತಲಿನ ಹಿಮ ಮಾತ್ರ. ರಸ್ತೆ, ಕಾರಿನ ದಾರಿಯ ಹಿಮದಲ್ಲಿ ಉಪ್ಪು ಎರಚಿರುತ್ತಾರೆ. ಆಮೇಲೆ ಎರೆಯುವ ನೀರನ್ನೇ ಬದಲಾಯಿಸಬೇಕು. ಬದಲಾಯಿಸದೆ ತೊಳೆದರೆ ಎರಡು ತಿಂಗಳಿಗೆ ಮತ್ತೆ ಅದೇ ಸ್ಥಿತಿ.

ಮೆದುಗೊಳಿಸದ ಗಡಸು ನೀರು ಇದಕ್ಕಿಂತ ವಾಸಿ. ಅದಕ್ಕೂ ಒಂದು ದೋಷವಿದೆ, ಅದು ತೋರುವುದು ಚಿಗುರಿನಲ್ಲಿ.

ಕೇಡು ಮೊದಲು ಕಂಡದ್ದು ಯಾವ ಎಲೆಯಲ್ಲಿ?

ಸಾರಜನಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಇವು ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಹಾಗಾಗಿ ಹಳೆಯ ಎಲೆ ಮೊದಲು ಕೆಡುತ್ತದೆ. ಕಬ್ಬಿಣ, ಸತುಗಳು ಹಾಗೆ ಓಡಾಡವು, ಅವುಗಳ ಕೊರತೆ ಹೊಸ ಚಿಗುರಿನಲ್ಲೇ ತೋರುತ್ತದೆ. ಈ ಒಂದು ಮಾತು ತಿಳಿದಿದ್ದರೆ ಅರ್ಧ ತಪಾಸಣೆ ಮುಗಿದಂತೆ.

ಹಳೆಯ ಎಲೆ ಇಡಿಯಾಗಿ ಪೇಲವ ಹಳದಿಯಾಗುತ್ತಿದ್ದು, ಗಿಡ ಬೇಸಿಗೆಯಲ್ಲೂ ಸೊರಗಿದ್ದರೆ ಸಾರಜನಕ ಸಾಲದು. ಹಳೆಯ ಎಲೆಯ ನರಗಳ ನಡುವೆ ಹಳದಿಯಾಗಿ, ತೊಟ್ಟಿನ ಕಡೆ ಹಸಿರು ಉಳಿದಿದ್ದರೆ ಮೆಗ್ನೀಸಿಯಂ. ನಿಂಬೆಯ ಜಾತಿಯ ಗಿಡಗಳಲ್ಲಿ ಈ ಉಳಿದ ಹಸಿರು ತ್ರಿಕೋನದಂತೆ ಕಾಣುತ್ತದೆ. ಮೆದುಗೊಳಿಸಿದ ನೀರಿನಲ್ಲಿ ಮೆಗ್ನೀಸಿಯಂ ಇಲ್ಲದ ಕಾರಣ ಈ ಕೊರತೆ ಸುಟ್ಟ ಅಂಚಿನ ಜೊತೆಗೇ ಬರಬಹುದು. ಒಂದು ಲೀಟರ್ ನೀರಿಗೆ ಅರ್ಧ ಚಹಾಚಮಚ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಕರಗಿಸಿ ತಿಂಗಳಿಗೊಮ್ಮೆ ಎರೆದರೆ ಸಾಕಾಗುತ್ತದೆ. ಅದನ್ನು ಮಾಡಬೇಕಾದದ್ದು ಕುಂಡ ತೊಳೆದ ಮೇಲೆ, ಮುಂಚೆ ಅಲ್ಲ.

ಹೊಸ ಚಿಗುರು ಹಳದಿಯಾಗಿ, ನರಗಳು ಮಾತ್ರ ಹಸಿರು ಬಲೆಯಂತೆ ಎದ್ದು ಕಂಡರೆ ಕಬ್ಬಿಣ. ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದು ಅರ್ಥವಲ್ಲ. ಗಡಸು ನೀರಿನ ಬೈಕಾರ್ಬನೇಟ್ ವರ್ಷಗಟ್ಟಲೆ ಸೇರಿ ಮಣ್ಣು ಕ್ಷಾರವಾಗಿರುತ್ತದೆ, ಇರುವ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ತಣ್ಣಗಿನ ಒದ್ದೆ ಮಣ್ಣಿನಲ್ಲೂ ಹೀಗೇ ಆಗುತ್ತದೆ, ಅಂಥಲ್ಲಿ ಕುಂಡ ಬೆಚ್ಚಗಾದರೆ ಮುಂದಿನ ಚಿಗುರು ತಾನಾಗಿ ಹಸಿರಾಗುತ್ತದೆ. ಅದಕ್ಕೇ ಕಬ್ಬಿಣ ಕೊಡುವ ಮುನ್ನ ಕುಂಡವನ್ನು ಮುಟ್ಟಿ ನೋಡಿ. ಕೊಡಲೇಬೇಕಾದರೆ ಕಿಲೇಟ್ ರೂಪದ್ದು, ಅಂದರೆ ಕಬ್ಬಿಣವನ್ನು ಬೇರಿಗೆ ದಕ್ಕುವಂತೆ ಹಿಡಿದಿಡುವ ಸಂಯುಕ್ತ ಬೇಕು. ಅದರಲ್ಲೂ ಇಡಿಟಿಎ ಬಗೆಯದು ಕ್ಷಾರ ಮಣ್ಣಿನಲ್ಲಿ ಬೇಗ ಸೋಲುತ್ತದೆ. ನೀರನ್ನು ಕೆಂಪಾಗಿಸುವ ಇಡಿಡಿಎಚ್‌ಎ ಬಗೆಯದು ಅಲ್ಲಿಯೂ ಕೆಲಸ ಮಾಡುತ್ತದೆ.

ಹುಳಿ ಮಜ್ಜಿಗೆ ಹಾಕಿ ಎಂದು ಊರಿನಿಂದ ಎಲ್ಲರಿಗೂ ಸಲಹೆ ಬರುತ್ತದೆ. ಹಿತ್ತಲಿನ ನೆಲದ ಗಿಡಕ್ಕೆ ನಮ್ಮ ಅಜ್ಜಿಯೂ ಹಾಕುತ್ತಿದ್ದರು, ಗಿಡ ಚೆನ್ನಾಗಿಯೇ ಇತ್ತು. ಅಲ್ಲಿ ಎರೆಹುಳು, ಬಿಸಿಲು, ಮಳೆ ಎಲ್ಲ ಸೇರಿ ಅದನ್ನು ಅರಗಿಸುತ್ತವೆ. ಮುಚ್ಚಿದ ಕಿಟಕಿಯ ಮನೆಯಲ್ಲಿ, ಅರ್ಧ ಮಲಗಿರುವ ಕುಂಡದ ಮಣ್ಣಿನಲ್ಲಿ ಅದು ಕೊಳೆಯುತ್ತದೆ. ವಾಸನೆ ಬರುತ್ತದೆ, ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಏಳುತ್ತವೆ. ಚಳಿಗಾಲದಲ್ಲಿ ಬೇಡ.

ಇನ್ನೊಂದು ಬಗೆಯ ಸಲಹೆ ಇಲ್ಲಿನ ಒಳಾಂಗಣ ಕೃಷಿ ಸಾಮಗ್ರಿಯ ಅಂಗಡಿಗಳಿಂದ ಬರುತ್ತದೆ. ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ಗಾಂಜಾ ಕಾನೂನುಬದ್ಧ. ಒಂಟಾರಿಯೊ ಸೇರಿ ಹೆಚ್ಚಿನ ಪ್ರಾಂತ್ಯಗಳಲ್ಲಿ ಮನೆಗೆ ನಾಲ್ಕು ಗಿಡ ಬೆಳೆಸಬಹುದು. ಹಾಗಾಗಿ ದೀಪ, ಗೊಬ್ಬರ, ಮೀಟರುಗಳನ್ನು ಮಾರುವ ಅಂಗಡಿಗಳು ಸುಲಭವಾಗಿ ಸಿಗುತ್ತವೆ. ಅಲ್ಲಿನ ದೀಪ ನಮಗೂ ಉಪಯೋಗ. ಅಲ್ಲಿನ ಗೊಬ್ಬರದ ವೇಳಾಪಟ್ಟಿ ಉಪಯೋಗವಿಲ್ಲ. ಅದು ಕೆಲವೇ ತಿಂಗಳಲ್ಲಿ ಬೆಳೆದು ಹೂಬಿಟ್ಟು ಮುಗಿಯುವ, ಹೊಟ್ಟೆಬಾಕ ಸಸ್ಯಕ್ಕೆ ಬರೆದದ್ದು. ಕರಿಬೇವು ನಿಧಾನದ ಮರ. ವಾರವಾರವೂ ಆ ಪ್ರಮಾಣದಲ್ಲಿ ಕೊಟ್ಟರೆ ತುದಿ ಸುಡುವುದು ಖಂಡಿತ. ನಿಂಬೆಗಿಡದ ಗೊಬ್ಬರವನ್ನು ಡಬ್ಬಿಯ ಮೇಲೆ ಬರೆದ ಅರ್ಧ ಪ್ರಮಾಣದಲ್ಲಿ, ಚಿಗುರು ಬೆಳೆಯುತ್ತಿರುವ ತಿಂಗಳುಗಳಲ್ಲಿ ಮಾತ್ರ ಕೊಡಿ.

ಬೆಳಕು, ಚಳಿ, ಒಣಗಾಳಿ

ನಮ್ಮ ಕಣ್ಣು ಬೆಳಕಿನ ವಿಷಯದಲ್ಲಿ ಮೋಸ ಮಾಡುತ್ತದೆ. ಬೇಸಿಗೆಯ ನಡುಹಗಲಿನ ಬಯಲಿನಲ್ಲಿ ಸುಮಾರು 1,00,000 ಲಕ್ಸ್ (ಬೆಳಕಿನ ಅಳತೆ) ಬೆಳಕಿರುತ್ತದೆ. ಜನವರಿಯ ಮೋಡದ ದಿನ ಕಿಟಕಿಯಿಂದ ಎರಡು ಮೀಟರ್ ಒಳಗಿನ ಮೇಜಿನ ಮೇಲೆ ಕೆಲವು ನೂರು ಲಕ್ಸ್ ಮಾತ್ರ. ಓದಲು ಅಷ್ಟು ಸಾಕು, ಕರಿಬೇವಿಗೆ ಅದು ಕತ್ತಲೆ. ಮೊಬೈಲಿನ ಲಕ್ಸ್ ಆ್ಯಪ್ ನಿಖರವಲ್ಲದಿದ್ದರೂ ಎರಡು ಜಾಗಗಳನ್ನು ಹೋಲಿಸಲು ಸಾಕು. ಗೆಣ್ಣುಗಳ ನಡುವಿನ ಅಂತರ ಹಿಗ್ಗಿ, ಕಾಂಡ ಸಪೂರವಾಗಿ ಕಿಟಕಿಯ ಕಡೆ ಬಾಗಿದ್ದರೆ ಮೀಟರಿನ ಅಗತ್ಯವೂ ಇಲ್ಲ. ದಕ್ಷಿಣದ ಕಿಟಕಿ, ಅದರ ಮೇಲೊಂದು ಎಲ್‌ಇಡಿ ದೀಪ, ಟೈಮರ್‌ನಲ್ಲಿ ದಿನಕ್ಕೆ 12ರಿಂದ 14 ಗಂಟೆ. ಗಿಡದ ನೆತ್ತಿಯಿಂದ ಒಂದು ಅಡಿಗೂ ಒಂದೂವರೆ ಅಡಿಗೂ ನಡುವೆ ದೀಪವಿರಲಿ. ನೆತ್ತಿಯ ಎಲೆಗಳು ಮಾತ್ರ ಬಿಳಿಚಿ ಮೇಲಕ್ಕೆ ಮಡಚಿಕೊಂಡರೆ ದೀಪ ತೀರಾ ಹತ್ತಿರವಾಗಿದೆ.

ದೀಪ ಹಾಕಿದರೂ ಬೆಳೆಯದಿದ್ದರೆ ಥರ್ಮಾಮೀಟರನ್ನು ಮಣ್ಣಿಗೇ ಚುಚ್ಚಿ, ಬೆಳಗಿನ ಜಾವ ನೋಡಿ. ಗೋಡೆಯ ಥರ್ಮೋಸ್ಟಾಟ್ 20 ಡಿಗ್ರಿ ತೋರುತ್ತಿರುವಾಗ ಕಿಟಕಿಯ ಕೆಳಗಿನ ಟೈಲ್ಸ್ ನೆಲದ ಮೇಲಿನ ಕುಂಡ 12ಕ್ಕೆ ಇಳಿದಿರಬಹುದು. ಮೇಲೆ ಬೆಳಕು, ಕೆಳಗೆ ಹೆಪ್ಪುಗಟ್ಟಿದ ಕಾಲು. ಕುಂಡವನ್ನು ಮರದ ಮಣೆಯ ಮೇಲೋ ಸ್ಟೂಲಿನ ಮೇಲೋ ಎತ್ತರಿಸಿದರೆ ವ್ಯತ್ಯಾಸ ಕಾಣುತ್ತದೆ. ಬಿಸಿಗಾಳಿ ಬರುವ ಜಾಲರಿಯ ಮೇಲೆ ಮಾತ್ರ ಇಡಬೇಡಿ. ಅಲ್ಲಿ ಒಂದೇ ಮಗ್ಗುಲಿನ ಎಲೆ ಗರಿಗರಿಯಾಗಿ ಒಣಗುತ್ತದೆ. ಕೇಡು ಒಂದೇ ಕಡೆಗೆ ಇದ್ದರೆ ಕಾರಣ ಹೊರಗಿನದು, ಗಾಳಿ ಅಥವಾ ಗಾಜಿನ ಚಳಿ.

ಕೀಟ

ಹೀಟರಿನ ಒಣಗಾಳಿ ಜೇಡ ನುಸಿಗೆ ಹಬ್ಬ. ಎಲೆಯ ಮೇಲೆ ಸೂಜಿಮೊನೆಯಷ್ಟು ತಿಳಿಹಳದಿ ಚುಕ್ಕೆಗಳು ಒತ್ತೊತ್ತಾಗಿ ಕಂಡರೆ, ಒಂದು ಬಿಳಿ ಕಾಗದವನ್ನು ಕೆಳಗೆ ಹಿಡಿದು ಎಸಳನ್ನು ತಟ್ಟಿ. ಬಿದ್ದ ಧೂಳಿನ ಕಣ ನಡೆಯತೊಡಗಿದರೆ ಅದು ನುಸಿ. ಬಲೆ ಕಾಣುವ ತನಕ ಕಾಯಬೇಡಿ, ಬೆಚ್ಚಗಿನ ಮನೆಯಲ್ಲಿ ಒಂದೆರಡು ವಾರದಲ್ಲೇ ಹೊಸ ಪೀಳಿಗೆ ಸಿದ್ಧವಾಗುತ್ತದೆ. ಎಲೆಯ ಮೇಲೆ, ಕೆಳಗಿನ ಮೇಜಿನ ಮೇಲೆ ಅಂಟು ಕಂಡರೆ ಅದು ಶಲ್ಕ ಕೀಟ ಅಥವಾ ಹಿಟ್ಟು ತಿಗಣೆಯ ಕೆಲಸ. ಶಲ್ಕ ಕೀಟ ಕಂದು ಹುಣ್ಣಿನಂತೆ ಕಾಂಡಕ್ಕೆ ಅಂಟಿಕೊಂಡು ಅಲುಗಾಡದೆ ಇರುವುದರಿಂದ ತೊಗಟೆಯ ಗಂಟೆಂದು ಬಿಟ್ಟುಬಿಡುತ್ತೇವೆ. ಉಗುರಿನಿಂದ ಎಬ್ಬಿಸಿದರೆ ಕಿತ್ತು ಬರುತ್ತದೆ. ಅಂಟಿನ ಮೇಲೆ ಬೆಳೆಯುವ ಕಪ್ಪು ಬೂಷ್ಟು ಬೇರೆ ರೋಗವಲ್ಲ, ಕೀಟ ಹೋದರೆ ಅದೂ ಹೋಗುತ್ತದೆ.

ನಾವು ಒಗ್ಗರಣೆಗೆ ಹಾಕುವ ಎಲೆ ಇದು. ವಿಷದ ಔಷಧ ಬೇಡ. ಗಿಡವನ್ನು ಷವರಿನ ಕೆಳಗೆ ಎಲೆಯ ಅಡಿಭಾಗ ಮೇಲೆ ಬರುವಂತೆ ಓರೆ ಮಾಡಿ ತೊಳೆಯಿರಿ, ಆಮೇಲೆ ಗಿಡಗಳಿಗೆಂದೇ ಮಾರುವ ಕೀಟನಾಶಕ ಸೋಪಿನ ದ್ರಾವಣ ಸಿಂಪಡಿಸಿ. ಪಾತ್ರೆ ತೊಳೆಯುವ ದ್ರವ ಎಲೆಯನ್ನು ಸುಡಬಹುದು. ಸೋಪು ಮೊಟ್ಟೆಯನ್ನು ಚೆನ್ನಾಗಿ ಕೊಲ್ಲದು, ಐದು ದಿನಕ್ಕೊಮ್ಮೆ ಮೂರು ಸಲವಾದರೂ ಮಾಡಬೇಕು.

ಅಮೆರಿಕದ ಫ್ಲಾರಿಡಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆಯ ಕನ್ನಡಿಗರು ಮಾತ್ರ ಇನ್ನೊಂದನ್ನು ನೋಡಬೇಕು. ಚಿಗುರು ಮುರುಟಿ, ಅದರಲ್ಲಿ ಬಿಳಿ ಮೇಣದ ಎಳೆಗಳು ಕಂಡರೆ ಅದು ಏಷ್ಯಾದ ಸಿಟ್ರಸ್ ಸಿಲ್ಲಿಡ್ ಇರಬಹುದು. ಕಿತ್ತಳೆ ತೋಟಗಳನ್ನು ಹಾಳುಮಾಡುವ ಗ್ರೀನಿಂಗ್ ರೋಗವನ್ನು ಹರಡುವ ಕೀಟ ಅದು, ಕರಿಬೇವು ಅದಕ್ಕೆ ಬಹಳ ಇಷ್ಟ. ಆ ಪ್ರದೇಶಗಳಿಂದ ಕರಿಬೇವಿನ ಗಿಡ ಸಾಗಿಸಲು ನಿರ್ಬಂಧ ಇರುವುದು ಈ ಕಾರಣಕ್ಕೇ. ನೆಂಟರಿಗೆಂದು ಕಾರಿನಲ್ಲಿ ಒಯ್ಯಬೇಡಿ, ಸ್ಥಳೀಯ ಕೃಷಿ ಕಚೇರಿಗೆ ತಿಳಿಸಿ.

ಸರಿಯಾಯಿತೇ ಎಂದು ತಿಳಿಯುವುದು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೂರು ವಾರ ಕಾಯಿರಿ. ನೀರು, ಕುಂಡ, ದೀಪ, ಗೊಬ್ಬರ ಎಲ್ಲವನ್ನೂ ಒಂದೇ ಭಾನುವಾರ ಬದಲಿಸಿದರೆ, ಗಿಡ ಚೇತರಿಸಿಕೊಂಡರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ, ಮುಂದಿನ ಚಳಿಗಾಲದಲ್ಲಿ ಮತ್ತೆ ಮೊದಲಿನಿಂದ ಹುಡುಕಬೇಕು. ಇದಕ್ಕೆ ಎರಡೇ ಹೊರತು: ಕೊಳೆತ ಬೇರು ಮತ್ತು ನುಸಿ. ಅವುಗಳಿಗೆ ಅದೇ ದಿನ ಕೈಹಾಕಬೇಕು.

ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ. ಅದನ್ನು ನೋಡುತ್ತ ಕೂತರೆ ಗಿಡ ಸುಧಾರಿಸಲೇ ಇಲ್ಲ ಎನಿಸುತ್ತದೆ. ತೀರ್ಪು ಹೇಳಬೇಕಾದದ್ದು ಆಮೇಲೆ ಬಂದ ಎಲೆ. ಈಗಿರುವ ಕೊನೆಯ ಎಲೆಯ ಕೆಳಗೆ ಕಾಂಡಕ್ಕೊಂದು ದಾರ ಕಟ್ಟಿ, ದಿನಾಂಕ ಬರೆದಿಡಿ. ದಾರದ ಮೇಲೆ ಬಿಚ್ಚಿದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ನನ್ನ ಗಿಡ ಕುಂಡ ತೊಳೆದು ನೀರು ಬದಲಿಸಿದ ಆರನೆಯ ವಾರ ದಾರದ ಮೇಲೆ ಮೊದಲ ಎಸಳು ಬಿಚ್ಚಿತು. ತುದಿಯ ತನಕ ಹಸಿರಾಗಿತ್ತು. ಅದರ ಚಿತ್ರವನ್ನು ಅಮ್ಮನಿಗೆ ಕಳಿಸಿದೆ.

ಹಾಗೆ ಎರಡು ಮೂರು ಎಸಳು ಬಂದ ಮೇಲೆ ನೆತ್ತಿಯನ್ನು ಚಿವುಟಿ. ಅಡುಗೆಗೂ ಬಿಡಿ ಎಲೆ ಹರಿಯದೆ ರೆಂಬೆಯ ತುದಿಯನ್ನೇ ಕತ್ತರಿಸಿದರೆ ಆ ಜಾಗದ ಕೆಳಗಿನಿಂದ ಎರಡು ಮೂರು ಕವಲು ಒಡೆಯುತ್ತವೆ. ಹೊರಗಿಡುವುದು ಮೇ ತಿಂಗಳ ವಿಕ್ಟೋರಿಯಾ ದಿನ ಕಳೆದು, ರಾತ್ರಿ 12 ಡಿಗ್ರಿಗಿಂತ ಮೇಲಿದ್ದಾಗ. ಅದೂ ಮೊದಲ ವಾರ ನೆರಳಿನಲ್ಲಿ, ದಿನಕ್ಕಿಷ್ಟು ಹೊತ್ತು. ಒಮ್ಮೆಲೇ ಬಿಸಿಲಿಗಿಟ್ಟರೆ ಮನೆಯೊಳಗೆ ಬೆಳೆದ ಎಲೆ ಬಿಳಿಚಿ ಸುಡುತ್ತದೆ. ಬೇಸಿಗೆಯಲ್ಲಿ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಒರೆಸುವ ಮುನ್ನ ಹತ್ತಿರದಿಂದ ನೋಡಿ. ದಕ್ಷಿಣ ಒಂಟಾರಿಯೊದಲ್ಲಿ ನಿಂಬೆ ಕುಟುಂಬದ ಗಿಡಗಳನ್ನೇ ಹುಡುಕಿ ಮೊಟ್ಟೆಯಿಡುವ ದೊಡ್ಡ ಹಳದಿ-ಕಪ್ಪು ಚಿಟ್ಟೆಯೊಂದಿದೆ, ಅದರ ಮರಿಹುಳು ಥೇಟ್ ಹಾಗೆಯೇ ಇರುತ್ತದೆ. ಗಿಡ ದೊಡ್ಡದಿದ್ದರೆ ಒಂದೆರಡು ಹುಳುಗಳಿಗೆ ಒಂದು ರೆಂಬೆ ಬಿಟ್ಟುಕೊಡಬಹುದು. ನಾನು ಬಿಡುತ್ತೇನೆ.